ಯಂತ್ರದ ಸದ್ಗುಣ ಯಾರದು?



ಒಂದು ರೈಲುಮಾರ್ಗವು ಚಿಂತಾಮಣಿ, ಶಿಡ್ಲಘಟ್ಟಗಳನ್ನು ಚಿಕ್ಕಬಳ್ಳಾಪುರದೊಡನೆ ಜೋಡಿಸುತ್ತದೆ. ಇನ್ನೊಂದು ಗೌರಿಬಿದನೂರನ್ನು ಹಾಯ್ದು ಹಿಂದೂಪುರದತ್ತ ಸಾಗುತ್ತದೆ. ಇಂಥ ಹಳಿಗಳು ರಸ್ತೆಯನ್ನು ಅಡ್ಡಹಾಯುವಲ್ಲಿ ಗೇಟು ಬಿದ್ದಾಗ ಗಮನಿಸಿ: ಕಾರು, ಟೆಂಪೊ, ಬೈಕುಗಳು ಸಾಲಾಗಿ ನಿಲ್ಲುತ್ತವೆ, ಎಂಜಿನ್‌ಗಳು ಮಾತ್ರ ನಿಲ್ಲುವುದಿಲ್ಲ. ಸಣ್ಣ ಕಾರೊಂದರ ಎಂಜಿನ್ ನಿಂತಲ್ಲೇ ಒಂದು ಗಂಟೆ ಓಡಿದರೆ ಸುಮಾರು ಅರ್ಧ ಲೀಟರ್ ಅಥವಾ ಅದಕ್ಕೂ ಹೆಚ್ಚು ಇಂಧನ ವ್ಯರ್ಥವಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ.

ಇದಕ್ಕೆ ತಂತ್ರಜ್ಞರು ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಕಾರು ನಿಂತು, ಗೇರು ನ್ಯೂಟ್ರಲ್‌ಗೆ ಬಂದು, ಚಾಲಕನು ಕ್ಲಚ್ಚಿನಿಂದ ಕಾಲು ತೆಗೆದೊಡನೆ ಒಳಗಿನ ಕಂಪ್ಯೂಟರು ಚಕ್ರದ ವೇಗ, ಬ್ಯಾಟರಿಯ ಶಕ್ತಿ, ಎಂಜಿನ್ನಿನ ಶಾಖ ಇವನ್ನು ಪರಿಶೀಲಿಸುತ್ತದೆ. ಎಲ್ಲವೂ ಸರಿಯಿದ್ದರೆ ಇಂಧನವನ್ನು ತಡೆಯುತ್ತದೆ. ಮತ್ತೆ ಕ್ಲಚ್ ಒತ್ತಿದಾಗ, ಈ ಕೆಲಸಕ್ಕೆಂದೇ ಬಲಪಡಿಸಿದ ಸ್ಟಾರ್ಟರ್ ಎಂಜಿನ್ನನ್ನು ಎಬ್ಬಿಸುತ್ತದೆ. ಬ್ಯಾಟರಿ ಸೊರಗಿದ್ದರೆ ಅಥವಾ ಏಸಿಗೆ ಹೆಚ್ಚು ಕೆಲಸವಿದ್ದರೆ ಅದು ಎಂಜಿನ್ನನ್ನು ನಿಲ್ಲಿಸುವುದೇ ಇಲ್ಲ. 2014ರಲ್ಲಿ ಹೀರೋ ಸ್ಪ್ಲೆಂಡರ್ ಐಸ್ಮಾರ್ಟ್ ಬೈಕಿಗೂ ಇಂಥ ಏರ್ಪಾಡು ಬಂದಿತು.

ಇಲ್ಲಿ ಒಂದು ನೈತಿಕ ಪ್ರಶ್ನೆ ಏಳುತ್ತದೆ. ಒಳಿತನ್ನು ಯಂತ್ರವೇ ಮಾಡಿದರೆ ಪುಣ್ಯ ಯಾರಿಗೆ? ಅರಿಸ್ಟಾಟಲನ ದೃಷ್ಟಿಯಲ್ಲಿ ಸದ್ಗುಣವೆಂದರೆ ಅರಿತು, ಆಯ್ದುಕೊಂಡು, ಮತ್ತೆ ಮತ್ತೆ ಮಾಡಿದ ಕ್ರಿಯೆಗಳಿಂದ ನೆಲೆಗೊಳ್ಳುವ ಸ್ವಭಾವ. ಆ ಅಳತೆಯಲ್ಲಿ, ಎಂಜಿನ್ ತಾನಾಗಿ ನಿಂತ ಮಾತ್ರಕ್ಕೆ ಚಾಲಕನು ಸಂಯಮಿಯಾಗುವುದಿಲ್ಲ.

ಆದರೆ ಗೇಟಿನ ಬಳಿ ಹೂವು ಮಾರುವ ತಾಯಿಯ ಶ್ವಾಸಕೋಶಗಳು ಈ ವಾದವನ್ನು ಕೇಳುವುದಿಲ್ಲ. ಹೊಗೆ ಕಡಿಮೆಯಾದದ್ದು ಯಂತ್ರದಿಂದಲೋ ಮನಸ್ಸಿನಿಂದಲೋ, ಆಕೆಗೆ ಎರಡೂ ಒಂದೇ. ಆದ್ದರಿಂದ ಯಂತ್ರದ ಒಳಿತನ್ನು ಹಗುರವಾಗಿ ಕಾಣಬಾರದು. ನೆರೆಯವರಿಗೆ ಬೇಕಾದುದು ಫಲ; ನಮ್ಮ ಆತ್ಮಕ್ಕೆ ಬೇಕಾದುದು ಸಂಕಲ್ಪ. ಒಂದು ದೊರೆತರೆ ಇನ್ನೊಂದು ದೊರೆತಂತಾಗಲಿಲ್ಲ.

ಅನೇಕ ಕಾರುಗಳಲ್ಲಿ ಈ ವ್ಯವಸ್ಥೆಯನ್ನು ಸುಮ್ಮನಾಗಿಸುವ ಒಂದು ಗುಂಡಿಯೂ ಇದೆ. ಸೆಖೆಯಲ್ಲಿ ಬಳಲುವ ವೃದ್ಧರು ಕಾರಿನಲ್ಲಿದ್ದರೆ ಅದನ್ನು ಒತ್ತುವುದು ನ್ಯಾಯವೇ. ಕೇವಲ ಅಸಹನೆಯಿಂದ ಒತ್ತುವುದು ಬೇರೆ ಮಾತು. ಹಾಗಾಗಿ ಆಯ್ಕೆ ನಮ್ಮ ಕೈತಪ್ಪಿಲ್ಲ. ಅದು ಆ ಗುಂಡಿಗೆ ಸ್ಥಳ ಬದಲಿಸಿದೆ, ಅಷ್ಟೆ.

ವಿವೇಕವೂ ಬೇಕು. ನಂದಿಬೆಟ್ಟದ ಇಳಿಜಾರಿನಲ್ಲಿ ಇಂಧನ ಉಳಿಸಲೆಂದು ಎಂಜಿನ್ ಆರಿಸಿದರೆ ಬ್ರೇಕು, ಸ್ಟಿಯರಿಂಗುಗಳಿಗೆ ದೊರೆಯುವ ನೆರವು ತಪ್ಪಿ ಪ್ರಾಣಕ್ಕೇ ಅಪಾಯ. ವಿವೇಕವಿಲ್ಲದ ಉಳಿತಾಯ ಸದ್ಗುಣವಲ್ಲ.

ನಮ್ಮ ರಸ್ತೆಗಳ ಹಳೆಯ ಟೆಂಪೊಗಳಿಗೂ ಟ್ರ್ಯಾಕ್ಟರುಗಳಿಗೂ ಇಂಥ ಕಂಪ್ಯೂಟರಿಲ್ಲ. ಅಲ್ಲಿ ಕೀಲಿಯನ್ನು ತಿರುಗಿಸಬೇಕಾದದ್ದು ಕೈ. ಕೈಗೆ ಹೇಳಬೇಕಾದದ್ದು ಮನಸ್ಸು. ಗೇಟು ಬಿದ್ದಾಗ ನಿಮ್ಮ ಹಿಂದಿನ ಬೈಕಿನಲ್ಲಿ ಕುಳಿತ ಮಗುವಿನ ಮುಖವನ್ನು ಯಾವ ಯಂತ್ರವೂ ಕಾಣದು. ನೀವು ಕಾಣಬಲ್ಲಿರಿ.