ವಾರಸುದಾರರಿಲ್ಲದ ಗೋರಿಗಳು

ಸತ್ತವರನ್ನು ಗೌರವಿಸಬೇಕು ಎಂಬುದರಲ್ಲಿ ಯಾವ ಸಮುದಾಯಕ್ಕೂ ಭಿನ್ನಾಭಿಪ್ರಾಯವಿಲ್ಲ. ಹೂಳುವವರಿರಲಿ, ಸುಡುವವರಿರಲಿ, ಹೆಣವನ್ನು ಅನಾಥವಾಗಿ ಬಿಡುವುದು ತಪ್ಪು ಎಂದು ಎಲ್ಲರೂ ಒಪ್ಪುತ್ತಾರೆ. ಆದರೆ ಈ ಗೌರವವನ್ನು ಸ್ವಲ್ಪ ಒರೆಗೆ ಹಚ್ಚಿ ನೋಡಿದರೆ ನಾವು ಹೆಚ್ಚಾಗಿ ಗೌರವಿಸುವುದು ನಮ್ಮ ಸತ್ತವರನ್ನು ಮಾತ್ರ ಎಂಬುದು ತಿಳಿಯುತ್ತದೆ. ನಮ್ಮ ಅಜ್ಜನ ಸಮಾಧಿ, ನಮ್ಮ ಊರಿನ ಸ್ಮಶಾನ, ನಮ್ಮವರ ಖಬರಸ್ತಾನ. ಹಾಗಾದರೆ ನಮ್ಮವರೆಂದು ಯಾರೂ ಹೇಳಿಕೊಳ್ಳದ ಸತ್ತವರ ಗತಿಯೇನು?

ಈ ಪ್ರಶ್ನೆಗೆ ಉತ್ತರ ಹುಡುಕಲು ಕೊಪ್ಪಳ ಜಿಲ್ಲೆಯ ಗಂಗಾವತಿ ಸಮೀಪದ ಹಿರೇಬೆಣಕಲ್ ಬೆಟ್ಟವನ್ನು ಹತ್ತಬೇಕು. ಅಲ್ಲಿ ಬಂಡೆಗಳ ನಡುವೆ ಕಲ್ಲಿನ ಒಂದು ಊರೇ ಇದೆ. ಆದರೆ ಅದು ಬದುಕಿದವರ ಊರಲ್ಲ. ಸುಮಾರು 400 ಶಿಲಾಸಮಾಧಿಗಳು ಅಲ್ಲಿವೆ. ನಾಲ್ಕು ದಿಕ್ಕಿಗೆ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕೋಣೆಗಳು. ಕೆಲವು ಆಳೆತ್ತರಕ್ಕಿಂತಲೂ ಎತ್ತರ. ಹಲವು ಕೋಣೆಗಳ ಒಂದು ಚಪ್ಪಡಿಯಲ್ಲಿ ದುಂಡಗಿನ ಕಿಂಡಿ ಕೊರೆದಿದ್ದಾರೆ. ಸಮಾಧಿಗಳ ಹತ್ತಿರ ಒಂದು ಹೊಂಡವಿದೆ. ಚಪ್ಪಡಿಗಳಿಗಾಗಿ ಕಲ್ಲು ಎಬ್ಬಿಸಿದ ಜಾಗ ಅದು. ಹೊಡೆದರೆ ಬಹುದೂರ ಕೇಳಿಸುವ ನಗಾರಿಯಾಕಾರದ ಕಲ್ಲೊಂದು ಎತ್ತರದ ಬಂಡೆಯ ಮೇಲೆ ಕುಳಿತಿದೆ. ನವಶಿಲಾಯುಗ ಸರಿದು ಕಬ್ಬಿಣ ಬಳಕೆಗೆ ಬಂದ ಕಾಲದ ಜನರ ಕೆಲಸ ಇದು. ಸಾಮಾನ್ಯವಾಗಿ ಇವುಗಳಿಗೆ ಕ್ರಿ.ಪೂ. 800ರಿಂದ 200ರವರೆಗಿನ ಕಾಲವನ್ನು ಹೇಳುತ್ತಾರೆ.

ಒಂದು ಚಪ್ಪಡಿಯನ್ನು ಬಂಡೆಯಿಂದ ಬಿಡಿಸಿ, ಸಾಗಿಸಿ, ನೆಟ್ಟಗೆ ನಿಲ್ಲಿಸಲು ಎಷ್ಟು ಕೈಗಳು ಬೇಕಾಗಿದ್ದವು ಎಂದು ಯೋಚಿಸಿ. ಯಂತ್ರವಿಲ್ಲದ ಆ ಕಾಲದಲ್ಲಿ ತಮ್ಮ ಮನೆಗಳಿಗೂ ಇಷ್ಟು ಗಟ್ಟಿಯಾದ ಗೋಡೆ ಕಟ್ಟದ ಜನ, ಸತ್ತವರಿಗಾಗಿ ಕಲ್ಲಿನ ಮನೆ ಕಟ್ಟಿದರು. ಅಗಲಿದವರನ್ನು ಹಾಗೆಯೇ ಬಿಟ್ಟುಬಿಡಲಾಗದು ಎಂಬ ಭಾವನೆ ಅವರಲ್ಲೂ ಇತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಅವರ ಹೆಸರು ನಮಗೆ ತಿಳಿದಿಲ್ಲ. ಯಾವ ಭಾಷೆ ಆಡುತ್ತಿದ್ದರು, ಯಾರನ್ನು ಪ್ರಾರ್ಥಿಸುತ್ತಿದ್ದರು ಎಂಬುದೂ ತಿಳಿದಿಲ್ಲ. ಸ್ಥಳೀಯರು ಆ ಬೆಟ್ಟವನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಮೋರ್ಯರೆಂದರೆ ಹಿಂದೆಂದೋ ಬಾಳಿ ಅಳಿದುಹೋದ ಗಿಡ್ಡ ದೇಹದ ಜನ ಎಂಬ ನಂಬಿಕೆ ಕರ್ನಾಟಕದ ಹಲವೆಡೆ ಇದೆ. ಬೇರೆ ಕಡೆ ಇಂಥ ಸಮಾಧಿಗಳು ಪಾಂಡವರ ಮನೆಗಳಾಗಿವೆ. ಕುಬ್ಜರೆನ್ನಿ, ಪುರಾಣಪುರುಷರೆನ್ನಿ, ಅವರು ನಮ್ಮಂತೆಯೇ ಉಂಡು, ದುಡಿದು, ಮಕ್ಕಳನ್ನು ಕಳೆದುಕೊಂಡು ಅತ್ತ ಮನುಷ್ಯರು ಎಂಬುದೇ ಈ ಕಥೆಗಳಲ್ಲಿ ಮರೆತುಹೋಗುತ್ತದೆ.

ಈ ಮರೆವಿನ ಲಾಭ ಪಡೆಯುವವರು ನಿಧಿಗಳ್ಳರು. ಸಮಾಧಿಯೆಂದರೆ ಹೊನ್ನಿನ ಕೊಪ್ಪರಿಗೆ ಎಂಬ ಭ್ರಮೆಯಿಂದ ರಾತ್ರೋರಾತ್ರಿ ಚಪ್ಪಡಿ ಉರುಳಿಸಿ ಅಗೆಯುತ್ತಾರೆ. ಇಂಥ ಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕಪ್ಪು-ಕೆಂಪು ಮಡಕೆ, ತುಕ್ಕು ಹಿಡಿದ ಕಬ್ಬಿಣದ ಉಪಕರಣ, ಕೆಲವು ಮಣಿ, ಮೂಳೆಯ ತುಣುಕು. ಕಳ್ಳನಿಗೆ ಅವು ಕಸ. ಒಮ್ಮೆ ಕದಡಿದ ಮೇಲೆ ಅವು ವಿದ್ವಾಂಸರಿಗೂ ಹೆಚ್ಚೇನೂ ಹೇಳಲಾರವು.

ಹಾಗಾದರೆ ಪುರಾತತ್ವಜ್ಞರೂ ಸಮಾಧಿ ತೆರೆಯುವುದಿಲ್ಲವೇ? ತೆರೆಯುತ್ತಾರೆ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಕಿಂಡಿಗಳಿರುವ ಇಂಥ ಸಮಾಧಿಗಳನ್ನು ತೆರೆದರು. ಈ ಜನರ ಕಾಲವನ್ನು ಪದರ ಪದರವಾಗಿ ಗುರುತಿಸಲು ಸಾಧ್ಯವಾದದ್ದು ಅಂಥ ಉತ್ಖನನಗಳಿಂದ. ಕಳ್ಳ ತನಗಾಗಿ ಅಗೆಯುತ್ತಾನೆ, ಏನನ್ನೂ ಬರೆದಿಡುವುದಿಲ್ಲ. ವಿದ್ವಾಂಸ ಅಗೆದದ್ದಕ್ಕೆ ಲೆಕ್ಕ ಕೊಡುತ್ತಾನೆ, ಮಾತಿಲ್ಲದವರಿಗೆ ಒಂದಿಷ್ಟು ಮಾತು ಕೊಡುತ್ತಾನೆ. ಆದರೆ ಕುತೂಹಲ ಎಂಬುದೊಂದೇ ಗೋರಿ ತೆರೆಯಲು ಸಾಕಾದ ಪರವಾನಗಿ ಅಲ್ಲ. ಮುಚ್ಚಿರುವುದನ್ನು ಮುಚ್ಚಿಯೇ ಇಡುವುದೂ ಒಂದು ಜ್ಞಾನ.

ಬದುಕಿರುವವರಿಗೇ ಸೂರಿಲ್ಲದಿರುವಾಗ ಸತ್ತವರ ಕಲ್ಲಿಗೆ ಹಣ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಆದರೆ ಈ ಗೋರಿಗಳು ಕೇಳುತ್ತಿರುವುದು ಅನುದಾನಕ್ಕಿಂತ ಹೆಚ್ಚಾಗಿ ಸಂಯಮವನ್ನು. ಅಗೆಯಬೇಡಿ, ಉರುಳಿಸಬೇಡಿ, ಹೆಸರು ಕೆತ್ತಬೇಡಿ. ಇದಕ್ಕೆ ಖರ್ಚಿಲ್ಲ.

ಕಾನೂನು ಇದೆ. ಹಿರೇಬೆಣಕಲ್ ಭಾರತೀಯ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿದೆ. 1958ರ ಕಾಯ್ದೆಯ ಪ್ರಕಾರ, 2010ರ ತಿದ್ದುಪಡಿಯ ನಂತರ, ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. 2021ರಲ್ಲಿ ಈ ನೆಲೆ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಆದರೆ ಕಲ್ಲುಬೆಟ್ಟದ ಪ್ರತಿಯೊಂದು ಕೋಣೆಗೂ ಹಗಲಿರುಳು ಕಾವಲುಗಾರನನ್ನು ಯಾವ ಕಾಯ್ದೆಯೂ ನಿಲ್ಲಿಸಲಾರದು. ಪಟ್ಟಿ ಸೇರದ ನೂರಾರು ಸಮಾಧಿಗಳ ಗತಿ ಹೊಲದವರ, ಊರವರ ಕೈಯಲ್ಲಿದೆ.

ಇಲ್ಲಿ ನಾವು ನಮ್ಮನ್ನೇ ಒಂದು ಮಾತು ಕೇಳಿಕೊಳ್ಳಬೇಕು. ಒಂದು ಕಟ್ಟಡ, ಒಂದು ಗೋರಿ ತಮ್ಮದೆಂದು ಎರಡು ಗುಂಪುಗಳು ವಾದಿಸಿದರೆ ಊರೇ ಎಚ್ಚರಗೊಳ್ಳುತ್ತದೆ. ಸಭೆಗಳಾಗುತ್ತವೆ, ಮೊಕದ್ದಮೆಗಳಾಗುತ್ತವೆ. ಯಾರೂ ತಮ್ಮದೆನ್ನದ ಗೋರಿ ಉರುಳಿದಾಗ ಒಂದು ಧ್ವನಿಯೂ ಏಳುವುದಿಲ್ಲ. ಅಂದರೆ ನಮ್ಮ ಕಾಳಜಿ ಸತ್ತವರ ಮೇಲಿನದೋ, ಅವರ ಹೆಸರಿನಲ್ಲಿ ನಾವು ಸಾಧಿಸಬೇಕೆಂದಿರುವ ಹಕ್ಕಿನ ಮೇಲಿನದೋ? ನಮ್ಮವರಿಗೆ ನಾವು ತೋರುವ ಗೌರವದಲ್ಲಿ ಅಭಿಮಾನವೂ ಬೆರೆತಿರುತ್ತದೆ. ಯಾರಿಂದಲೂ ಏನೂ ಸಿಗದ ಕಡೆ ತೋರುವ ಗೌರವವೇ ನಿಜವಾದ ಪರೀಕ್ಷೆ.

ಆ ಬೆಟ್ಟದ ಜನರ ರಕ್ತ ಇಂದು ಯಾರ ಮೈಯಲ್ಲಿ ಹರಿಯುತ್ತಿದೆಯೋ ಹೇಳಬಲ್ಲವರಿಲ್ಲ. ಆದ್ದರಿಂದಲೇ ಅವರು ಯಾರಿಗೂ ಪೂರ್ತಿ ಪರಕೀಯರಲ್ಲ. ನಮಗೂ ಅವರಿಗೂ ನಡುವೆ ಸುಮಾರು ನೂರು ತಲೆಮಾರುಗಳ ಅಂತರವಿದೆ. ಇನ್ನೂ ನೂರು ತಲೆಮಾರು ಕಳೆದ ಮೇಲೆ ನಮ್ಮ ಹೆಸರು, ಭಾಷೆ, ಜಾತಿ, ಜಗಳ ಯಾವುದೂ ಯಾರಿಗೂ ನೆನಪಿರಲಾರದು. ಆಗ ನಮ್ಮ ಮಣ್ಣಿನ ಮೇಲೆ ನಡೆಯುವ ಅಪರಿಚಿತರು ಹೇಗೆ ವರ್ತಿಸಬೇಕೆಂದು ನಾವು ಬಯಸುತ್ತೇವೆಯೋ, ಹಿರೇಬೆಣಕಲ್ಲಿನಲ್ಲಿ ನಾವೂ ಹಾಗೆಯೇ ವರ್ತಿಸಬೇಕು.