ಭೇದವುಂಟು, ಏಣಿಯಿಲ್ಲ

ಮಧ್ವಾಚಾರ್ಯರಿಗೆ ಪೂರ್ಣಪ್ರಜ್ಞ ಎಂಬ ಹೆಸರೂ ಉಂಟು. ಆ ಹೆಸರಿನ ಉಡುಪಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಕೆ. ಗೋಪಾಲಕೃಷ್ಣ ಭಟ್ಟರು 2003ರಲ್ಲಿ ‘ಫ್ಲೋರಾ ಆಫ್ ಉಡುಪಿ’ಯನ್ನು, 2014ರಲ್ಲಿ ‘ಫ್ಲೋರಾ ಆಫ್ ಸೌತ್ ಕೆನರಾ’ವನ್ನು ಹೊರತಂದರು. ಇಂಥ ಗ್ರಂಥಗಳಲ್ಲಿ ಪುಟಪುಟಕ್ಕೂ ಭೇದದ ಲೆಕ್ಕವೇ: ಎಲೆಯ ಅಂಚು ಹೇಗಿದೆ, ಕೇಸರಗಳೆಷ್ಟು, ಕಾಂಡದ ಮೇಲೆ ರೋಮ ಇದೆಯೋ ಇಲ್ಲವೋ. ಭೇದ ಸತ್ಯವೆಂದು ಪಟ್ಟು ಹಿಡಿದು ವಾದಿಸಿದ ಆಚಾರ್ಯರ ಊರಿಗೆ ಇದು ತಕ್ಕ ಕೆಲಸ. ಆದರೆ ಸಸ್ಯಗಳ ವಂಶವೃಕ್ಷ ಕಟ್ಟುವ ಇಂದಿನ ಶಾಸ್ತ್ರ ಇನ್ನೊಂದು ಮಾತನ್ನೂ ಹೇಳುತ್ತದೆ. ಈ ಭೇದಗಳೆಲ್ಲ ಒಂದೇ ಮೂಲದಿಂದ ಕವಲೊಡೆದು ಬಂದವು ಎನ್ನುತ್ತದೆ. ಮೂಲ ಒಂದೇ ಆದಮೇಲೆ ಭೇದ ಬರೀ ತೋರಿಕೆಯಾಯಿತಲ್ಲ ಎಂದು ಅಭೇದದ ಕಡೆಯವರು ಸಂತೋಷಪಡಬಹುದು. ಹಾಗಿದ್ದರೆ ಈ ಶಾಸ್ತ್ರವೇ ಬೇಡ ಎಂದು ಭೇದದ ಕಡೆಯವರು ಮುಖ ತಿರುಗಿಸಬಹುದು. ಇಬ್ಬರದೂ ಅವಸರ. ವಿಕಾಸದ ವೃಕ್ಷ ಭೇದವನ್ನು ಅಳಿಸುವುದಿಲ್ಲ, ಅದಕ್ಕೊಂದು ಚರಿತ್ರೆ ಕೊಡುತ್ತದೆ. ಅದು ಒಪ್ಪದಿರುವುದು ಭೇದದ ಜೊತೆ ನಾವು ಸದ್ದಿಲ್ಲದೆ ಸೇರಿಸಿಕೊಂಡು ಬಂದ ಮೇಲು-ಕೀಳನ್ನು ಮಾತ್ರ.

ಕಟಪಾಡಿ, ಕಾಪು ಕಡೆಯ ಮಟ್ಟು ಗ್ರಾಮದ ಗುಳ್ಳವನ್ನೇ ನೋಡೋಣ. ದುಂಡಗಿನ, ತಿಳಿ ಹಸಿರಿನ, ತೆಳು ಸಿಪ್ಪೆಯ ಈ ಬದನೆಯ ಬೀಜವನ್ನು ವಾದಿರಾಜರು ಕೊಟ್ಟರೆಂಬುದು ಐತಿಹ್ಯ. ಪರ್ಯಾಯದ ಹೊರೆಕಾಣಿಕೆಗೆ ಅದು ಇಂದಿಗೂ ಬುಟ್ಟಿಗಟ್ಟಲೆ ಬರುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ವಂಶವೃಕ್ಷದಲ್ಲಿ ಇದರ ಸ್ಥಾನ ಎಲ್ಲಿ? ಬದನೆಗೆ ನಮ್ಮ ದೇಶದಲ್ಲೇ ಬೆಳೆಯುವ, ಮುಳ್ಳು ತುಂಬಿದ ಸೊಲಾನಮ್ ಇನ್ಸಾನಮ್ ಎಂಬ ಕಾಡುಗಿಡ ಪೂರ್ವಜ. ಅದಕ್ಕೂ ಹಿಂದಿನ ಬಂಧುಗಳು ಆಫ್ರಿಕದವು. ದಕ್ಷಿಣ ಅಮೆರಿಕದಿಂದ ಬಂದ ಬಟಾಟೆ, ಟೊಮೆಟೊಗಳೂ ಅದೇ ಸೊಲಾನಮ್ ಕುಲಕ್ಕೆ ಸೇರಿದವು. ಟೊಮೆಟೊವನ್ನು ಬಹುಕಾಲ ಬೇರೆ ಕುಲದಲ್ಲಿ ಇಟ್ಟಿದ್ದರು. ಡಿಎನ್‌ಎ ಸಾಕ್ಷ್ಯ ಬಂದಮೇಲೆ, 1753ರಲ್ಲಿ ಲಿನೇಯಸ್ ಇಟ್ಟಿದ್ದಲ್ಲಿಗೇ ಅದು ಮರಳಿತು. ಇಷ್ಟು ಹತ್ತಿರದ ಬಂಧುತ್ವ ಸಾಬೀತಾದ ಮೇಲೂ ಗುಳ್ಳದ ಕೊದ್ದೆಲಿಗೆ ಟೊಮೆಟೊ ಹಾಕಿ ಅದೇ ಇದು ಎನ್ನುವವರನ್ನು ಉಡುಪಿಯಲ್ಲಿ ಯಾರೂ ಊಟಕ್ಕೆ ಕರೆಯಲಾರರು. ಒಂದೇ ಮೂಲದಿಂದ ಬಂದದ್ದು ಎಂಬುದು ಹಿಂದೆ ನಡೆದ ಸಂಗತಿ. ಒಂದೇ ಎಂಬುದು ಇಂದಿನ ಸ್ವರೂಪದ ಬಗೆಗಿನ ಮಾತು. ಮೊದಲನೆಯದರಿಂದ ಎರಡನೆಯದಕ್ಕೆ ಜಿಗಿಯಲು ತರ್ಕದಲ್ಲಿ ದಾರಿಯಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಕಾಡುಬದನೆಯಿಂದ ಗುಳ್ಳದವರೆಗಿನ ದಾರಿಯಲ್ಲಿ ಪ್ರತಿ ಪೀಳಿಗೆಯೂ ತನ್ನ ಹಿಂದಿನದಕ್ಕೆ ಹೆಚ್ಚುಕಡಿಮೆ ಹಾಗೆಯೇ ಇತ್ತು. ಇಂಥ ಬೀಜದಿಂದಲೇ ಗುಳ್ಳ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ಆಗದು. ಗಡಿಯೇ ಇಲ್ಲದ ಭೇದ ಬರಿಯ ನಾಮರೂಪವಲ್ಲವೇ, ನಮ್ಮ ಅನುಕೂಲಕ್ಕೆ ಇಟ್ಟ ಹೆಸರಲ್ಲವೇ? ಅಲ್ಲ. ಉಬ್ಬರ ಇಳಿತದ ಕಾಪು ಕಡಲತೀರದಲ್ಲಿ ನೀರು ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಹಾಗೆಂದು ಕಟಪಾಡಿ ಕಡಲಲ್ಲಿದೆ ಎನ್ನುವವರಿಲ್ಲ. ಕ್ರಮಕ್ರಮವಾದ ಬದಲಾವಣೆಯಿಂದ ನಿಜವಾಗಿ ಪೆಟ್ಟು ಬೀಳುವುದು ಭೇದಕ್ಕಲ್ಲ, ನ್ಯಾಯ-ವೈಶೇಷಿಕರ ನಿತ್ಯ ಜಾತಿಗೆ. ಎಲ್ಲ ಹಸುಗಳಲ್ಲೂ ಒಂದೇ ಆಗಿ ನೆಲೆಸಿದ, ಹುಟ್ಟು-ಸಾವಿಲ್ಲದ ‘ಗೋತ್ವ’ ಎಂಬುದೊಂದಿದೆ ಎಂದವರು ಅವರು. ಹಸುಗಳೇ ಇಲ್ಲದ ಕಾಲವಿತ್ತು ಎನ್ನುವ ಶಾಸ್ತ್ರದ ಎದುರು ಆ ಗೋತ್ವಕ್ಕೆ ನಿಲ್ಲಲು ನೆಲ ಸಿಗುವುದು ಕಷ್ಟ. ದ್ವೈತಿಗಳು ಇಂಥ ಜಾತಿಯನ್ನು ಒಪ್ಪಲಿಲ್ಲ. ಪ್ರತಿ ವ್ಯಕ್ತಿಗೂ ತನ್ನದೇ ಸ್ವರೂಪ, ವ್ಯಕ್ತಿಗಳ ನಡುವೆ ಸಾದೃಶ್ಯ; ಅಷ್ಟು ಸಾಕೆಂದರು. ಡಾರ್ವಿನ್ನನ ವಾದ ನಿಂತಿರುವುದೂ ಪ್ರತಿ ವ್ಯಕ್ತಿಯೂ ಇನ್ನೊಂದರಿಂದ ಚೂರಾದರೂ ಬೇರೆ ಎಂಬ ಅಡಿಪಾಯದ ಮೇಲೆ. ಮಧ್ವರು ವಿಕಾಸವಾದವನ್ನು ಮೊದಲೇ ಹೇಳಿದ್ದರು ಎಂದಲ್ಲ. ದಶಾವತಾರದಲ್ಲಿ ಡಾರ್ವಿನ್ನನನ್ನು ಹುಡುಕುವ ಆಟ ನಮ್ಮಲ್ಲಿ ಬೇಕಾದಷ್ಟು ನಡೆದಿದೆ, ಅದಕ್ಕೆ ಇನ್ನೊಂದನ್ನು ಸೇರಿಸುವುದು ಬೇಡ. ಹೇಳಬೇಕಾದದ್ದು ಇಷ್ಟೇ: ವಿಕಾಸವನ್ನು ಒಪ್ಪಲು ಭೇದವಾದಿಗೆ ತಾತ್ವಿಕ ಅಡ್ಡಿ ನಾವಂದುಕೊಂಡದ್ದಕ್ಕಿಂತ ಬಹಳ ಕಡಿಮೆ.

ಹಾಗೆಂದು ದ್ವೈತ ಏನನ್ನೂ ಬಿಟ್ಟುಕೊಡದೆ ಪಾರಾಗುತ್ತದೆ ಎನ್ನಲಾಗದು. ಸಾದೃಶ್ಯ ಸಾಕು ಎಂಬ ಮಾತು ಕೆರೆಯ ನೀರಿನಲ್ಲೇ ಸೋಲುತ್ತದೆ. ತಾವರೆ, ನೈದಿಲೆ ಎರಡೂ ಕೆಸರಲ್ಲಿ ಬೇರೂರಿ ನೀರ ಮೇಲೆ ಅರಳುವ, ಪೂಜೆಗೆ ಸಲ್ಲುವ ಹೂಗಳು. ಬೆಂಥಮ್ ಮತ್ತು ಹೂಕರ್ ಎರಡನ್ನೂ ಒಂದೇ ಕುಟುಂಬದಲ್ಲಿ ಇಟ್ಟರು, ಭಾರತದ ತರಗತಿಗಳಲ್ಲಿ ದಶಕಗಳ ಕಾಲ ಅದೇ ಪಾಠ ನಡೆಯಿತು. ಕೈಯಲ್ಲಿ ಹಿಡಿದು ನೋಡಿದರೆ ಅನುಮಾನ ಹುಟ್ಟುತ್ತದೆ. ನೈದಿಲೆಯ ಎಲೆಗೆ ತೊಟ್ಟಿನವರೆಗೆ ಸೀಳು ಇರುತ್ತದೆ, ಅದು ನೀರಿಗಂಟಿ ತೇಲುತ್ತದೆ. ತಾವರೆಯ ಎಲೆಗೆ ಸೀಳಿಲ್ಲ, ತೊಟ್ಟು ನಡುವಿಗೇ ಕೂಡಿಕೊಂಡಿರುತ್ತದೆ, ಬೆಳೆದ ಎಲೆ ನೀರಿಂದ ಮೇಲೆದ್ದು ನಿಲ್ಲುತ್ತದೆ. ತಾವರೆಯ ಹೂವಿನ ನಡುವಿನ ಸ್ಪಂಜಿನಂಥ ಪೀಠದ ಗುಳಿಗಳಲ್ಲಿ ಕಾಯಿಗಳು ಬಿಡಿಬಿಡಿಯಾಗಿ ಕೂತಿರುತ್ತವೆ. ನೈದಿಲೆಗೆ ಅಂಥ ಪೀಠವೇ ಇಲ್ಲ. ಸೂಕ್ಷ್ಮದರ್ಶಕದ ಕೆಳಗೆ ತಾವರೆಯ ಪರಾಗಕ್ಕೆ ಮೂರು ಗೀರು ಕಾಣುತ್ತವೆ, ನೈದಿಲೆಯದಕ್ಕೆ ಹಾಗಿಲ್ಲ. 1993ರಲ್ಲಿ ಸುಮಾರು 500 ಪ್ರಭೇದಗಳ ಕ್ಲೋರೋಪ್ಲಾಸ್ಟಿನ ಒಂದು ಜೀನನ್ನು ಹೋಲಿಸಿ ನೋಡಿದಾಗ ಅನುಮಾನ ನಿಜವಾಯಿತು. ಹೂಬಿಡುವ ಸಸ್ಯಗಳ ವೃಕ್ಷದಲ್ಲಿ ತೀರಾ ಮೊದಲು ಬೇರೆಯಾದ ಕವಲುಗಳಲ್ಲಿ ನೈದಿಲೆಯದೂ ಒಂದು. ತಾವರೆಯ ಹತ್ತಿರದ ಬಂಧುಗಳೋ ಕಾಶ್ಮೀರದ ಚಿನಾರ್, ಚಿಕ್ಕಮಗಳೂರು-ಕೊಡಗಿನ ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್! ಒಂದೇ ಬಗೆಯ ಬದುಕು ದೂರದವರನ್ನು ಒಂದೇ ರೂಪಕ್ಕೆ ತಂದಿತ್ತು. ಕಾಣುವ ಸಾದೃಶ್ಯ ಒಂದು, ಹುಟ್ಟಿನ ನಂಟು ಇನ್ನೊಂದು ಎಂಬುದನ್ನು ಪ್ರತಿ ದರ್ಶನವೂ ಈ ಶಾಸ್ತ್ರದಿಂದ ಕಲಿಯಬೇಕಾಗಿದೆ.

ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಕುಟುಂಬ ಬದಲಿಸುವ ಶಾಸ್ತ್ರವನ್ನು ಪ್ರಮಾಣ ಎನ್ನುವುದು ಹೇಗೆ ಎಂದು ಕೇಳುವವರಿದ್ದಾರೆ. 1998ರಲ್ಲಿ ಬಂದ ಡಿಎನ್‌ಎ ಆಧಾರದ ವರ್ಗೀಕರಣ 2003, 2009, 2016ರಲ್ಲಿ ಪರಿಷ್ಕೃತವಾದದ್ದು ನಿಜ. ಆದರೆ ತಾವರೆ ಮರಳಿ ನೈದಿಲೆಯ ಮನೆಗೆ ಹೋಗಲಿಲ್ಲ. ಎಲೆ, ಪರಾಗ, ಡಿಎನ್‌ಎ ಬೇರೆಬೇರೆಯಾಗಿ ಕೊಟ್ಟ ಸಾಕ್ಷ್ಯ ಒಂದೇ ಕಡೆ ಬೆರಳು ತೋರಿಸಿದರೆ ಅದನ್ನು ಬಾಧಿಸಲು ಅದಕ್ಕಿಂತ ಬಲವಾದ ಜ್ಞಾನ ಬೇಕು. ಬಲವಾದದ್ದು ಬಂದಾಗ ಹಿಂದಿನದು ಬಿದ್ದುಹೋಗುತ್ತದೆ. ಬಾಧಕ ಜ್ಞಾನದ ಚರ್ಚೆಯಲ್ಲಿ ಪಳಗಿದ ನಮ್ಮ ಪಂಡಿತಪರಂಪರೆಗೆ ಇದು ಹೊಸ ವಿಷಯವೂ ಅಲ್ಲ.

ಇನ್ನು ಭೇದದ ಜೊತೆ ಸೇರಿಕೊಂಡ ಮೇಲು-ಕೀಳಿನ ಮಾತು. ಅದರಲ್ಲಿ ಜೈನರ ಕಾರ್ಕಳದ ಲೆಕ್ಕ ಬೇರೆ. 1432ರಲ್ಲಿ ನಿಂತ ಅಲ್ಲಿನ ಬಾಹುಬಲಿಯ ಕಾಲು-ತೋಳುಗಳಿಗೆ ಕಲ್ಲಿನ ಬಳ್ಳಿ ಸುತ್ತಿಕೊಂಡಿದೆ. ಜೈನರು ಜೀವಿಗಳನ್ನು ಇಂದ್ರಿಯಗಳ ಎಣಿಕೆಯಿಂದ ವಿಂಗಡಿಸುತ್ತಾರೆ, ಗಿಡಬಳ್ಳಿಗಳಿಗೆ ಸ್ಪರ್ಶವೆಂಬ ಒಂದೇ ಇಂದ್ರಿಯ. ಇದು ಏಣಿಯೇ ಅಲ್ಲವೇ? ಹೌದು, ಆದರೆ ಆ ವಿಂಗಡಣೆ ಕೇಳುವ ಪ್ರಶ್ನೆ ಯಾರು ಯಾರ ವಂಶ ಎಂದಲ್ಲ, ಯಾರಿಗೆ ಎಷ್ಟು ಹಿಂಸೆ ತಾಗುತ್ತದೆ ಎಂದು. ಒಂದೇ ಕುಲದ ಟೊಮೆಟೊ ತಿಂದು ನೆಲದಡಿಯ ಬಟಾಟೆ ಬಿಡುವ ಜೈನ ಗೃಹಸ್ಥನ ಮುಂದೆ ವಂಶವೃಕ್ಷ ಹಿಡಿದರೆ ಉಪಯೋಗವಿಲ್ಲ. ಅದು ಆಚಾರದ ಪ್ರಶ್ನೆ. ಸಸ್ಯಶಾಸ್ತ್ರ ಅದನ್ನು ಸಮರ್ಥಿಸುವುದೂ ಇಲ್ಲ, ಖಂಡಿಸುವುದೂ ಇಲ್ಲ.

ಉಡುಪಿಯ ತಾರತಮ್ಯಕ್ಕೂ ಇದೇ ಉತ್ತರ ಸಾಕಲ್ಲ ಎಂದು ದ್ವೈತ ವಿದ್ವಾಂಸರು ಹೇಳಬಹುದು. ತಾರತಮ್ಯ ಇರುವುದು ಜೀವರ ಯೋಗ್ಯತೆಯಲ್ಲಿ. ಎಲೆ-ಬೇರುಗಳು ಜಡ, ಅಲ್ಲಿರುವುದು ಬರೀ ಜಡ-ಜಡ ಭೇದ. ಜೀವ ಅನಾದಿ, ದೇಹ ಹೇಗೆ ಬದಲಾದರೂ ಸಿದ್ಧಾಂತಕ್ಕೆ ಬಾಧೆಯಿಲ್ಲ. ಒಪ್ಪಿದೆ, ಡಿಎನ್‌ಎ ಯಾವ ಜೀವದ ಯೋಗ್ಯತೆಯನ್ನೂ ಅಳೆಯುವುದಿಲ್ಲ. ಆದರೆ ಆ ಒಪ್ಪಿಗೆಗೆ ಬೆಲೆ ತೆರಬೇಕಾಗುತ್ತದೆ: ದೇಹಗಳಲ್ಲಿ, ಹುಟ್ಟಿನಲ್ಲಿ, ಪ್ರಕೃತಿಯಲ್ಲೇ ಮೇಲು-ಕೀಳು ಬರೆದಿದೆ ಎಂದು ಮುಂದೆ ಯಾರೂ ಹೇಳುವಂತಿಲ್ಲ. ಮನುಷ್ಯರ ಶ್ರೇಣಿಗೆ ಪ್ರಕೃತಿಯನ್ನು ಸಾಕ್ಷಿಗೆ ಕರೆಯುವ ಚಾಳಿ ನಮ್ಮಲ್ಲಿ ಸಣ್ಣದಲ್ಲ. ಮಣಿಪಾಲದ ಸುತ್ತಿನ ಮುರಕಲ್ಲು ಪದವುಗಳಲ್ಲಿ ಮಳೆಗಾಲಕ್ಕೆ ಯುಟ್ರಿಕ್ಯುಲೇರಿಯ ಎಂಬ ಪುಟ್ಟ ಗಿಡ ಹೂ ಬಿಡುತ್ತದೆ. ತುಳಸಿ ಸೇರಿದ ಗಣವೇ ಅದರದೂ. ಅದಕ್ಕೆ ನಿಜವಾದ ಬೇರಿಲ್ಲ, ಪೂರ್ವಜರಿಗಿದ್ದ ಬೇರನ್ನು ಅದು ಕಳೆದುಕೊಂಡಿದೆ. ಸಾರವಿಲ್ಲದ ತೇವದ ಮಣ್ಣಿನೊಳಗೆ ಸೂಜಿಮೊನೆಯಷ್ಟರ ಚೀಲಗಳನ್ನು ಒಡ್ಡಿ ಸೂಕ್ಷ್ಮಜೀವಿಗಳನ್ನು ಕಣ್ಣೆವೆ ಇಕ್ಕುವುದರೊಳಗೆ ಒಳಗೆಳೆದುಕೊಳ್ಳುತ್ತದೆ. ಬೇರು ಹೋದದ್ದಕ್ಕೆ ಇದನ್ನು ತುಳಸಿಗಿಂತ ಕೆಳಗಿಡಬೇಕೋ, ಬೇಟೆ ಕಲಿತದ್ದಕ್ಕೆ ಮೇಲಿಡಬೇಕೋ? ವೃಕ್ಷದಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ. ಮೊದಲು ಕವಲೊಡೆದ ನೈದಿಲೆಯೂ ತಾವರೆಯಷ್ಟೇ ಕಾಲ ವಿಕಾಸಗೊಂಡು ಬಂದಿದೆ, ಕಟ್ಟೆಯ ಮುರಕಲ್ಲಿಗೆ ಅಂಟಿದ ಹಾವಸೆಯೂ ಅಷ್ಟೇ.

ಹಾಗಿರುವಾಗ ಹಾವಸೆ, ಜರಿಗಿಡಗಳನ್ನು ‘ಕೆಳವರ್ಗದ ಸಸ್ಯಗಳು’, ಹೂಬಿಡುವವನ್ನು ‘ಮೇಲ್ವರ್ಗದ ಸಸ್ಯಗಳು’ ಎಂದು ಕಲಿಸುವ ರೂಢಿಗೆ ಶಾಸ್ತ್ರದ ಆಧಾರ ಉಳಿದಿಲ್ಲ. ಸಸ್ಯಶಾಸ್ತ್ರದ ಅಧ್ಯಾಪಕರು, ಪಠ್ಯ ಬರೆಯುವವರು ಇದನ್ನು ಮುಂದಿನ ಪರಿಷ್ಕರಣೆಯಲ್ಲೇ ಕೈಬಿಡಲಿ. ಯಾವ ಕವಲು ಯಾವುದರಿಂದ ಯಾವಾಗ ಬೇರೆಯಾಯಿತು ಎಂದಷ್ಟೇ ಹೇಳಿಕೊಡಲಿ.