ಮಾಮೂಲಿ ಮನುಷ್ಯನಿಗೆ ಎಷ್ಟು ಹೊಳೆಯುತ್ತೆ?

ಪೇಟೆಂಟ್ ಕಾನೂನಿನೊಳಗೆ ಒಬ್ಬ ವಿಚಿತ್ರ ಮನುಷ್ಯ ವಾಸ ಮಾಡ್ತಾನೆ. ಅವನಿಗೆ ಹೆಸರಿಲ್ಲ, ಊರಿಲ್ಲ, ಆಧಾರ್ ಕಾರ್ಡಂತೂ ಇಲ್ಲವೇ ಇಲ್ಲ. ತನ್ನ ಕಸುಬಿನ ಬಗ್ಗೆ ಜಗತ್ತಿನ ಯಾವ ಮೂಲೆಯಲ್ಲಿ, ಯಾವ ಭಾಷೆಯಲ್ಲಿ ಏನೇ ಪ್ರಕಟವಾಗಿದ್ದರೂ ಅಷ್ಟನ್ನೂ ಓದಿಕೊಂಡಿದ್ದಾನೆ. ಆದರೆ ಪ್ರತಿಭಾವಂತ ಅಲ್ಲ. ಇಂಗ್ಲಿಷಿನಲ್ಲಿ ಅವನನ್ನು ‘ಪರ್ಸನ್ ಸ್ಕಿಲ್ಡ್ ಇನ್ ದಿ ಆರ್ಟ್’ ಅಂತಾರೆ. ನಾವು ‘ಕಸುಬು ಬಲ್ಲವನು’ ಅಂತ ಕರೆಯೋಣ. ನೀವು ಹೊಸದೇನೋ ಕಂಡುಹಿಡಿದಿದ್ದೀನಿ ಅಂತ ಅರ್ಜಿ ಹಾಕಿದರೆ, ಪರೀಕ್ಷಕರು ಕೇಳುವ ಅತಿ ಕಷ್ಟದ ಪ್ರಶ್ನೆ ಇವನ ಬಗ್ಗೆಯೇ ಇರುತ್ತದೆ: ಇದು ಅವನಿಗೆ ತಾನಾಗಿಯೇ ಹೊಳೀತಿರಲಿಲ್ವಾ? ಹೊಳೀತಿತ್ತು ಅಂತಾದರೆ ಅದು ಆಬ್ವಿಯಸ್. ಪೇಟೆಂಟ್ ಸಿಗೋದಿಲ್ಲ.

ಇದು ತಾಂತ್ರಿಕ ಪ್ರಶ್ನೆ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ನಮ್ಮ ಆಫೀಸಿನ ಒಂದು ಪ್ರೆಶರ್ ಸೆನ್ಸರಿನ ಅರ್ಜಿಗೆ ಚೆನ್ನೈನ ಪೇಟೆಂಟ್ ಕಚೇರಿಯಿಂದ ಮೊದಲ ಪರೀಕ್ಷಾ ವರದಿ ಬಂತು. ಕರ್ನಾಟಕದ ಅರ್ಜಿಗಳು ಹೋಗೋದು ಅಲ್ಲಿಗೇ. ಆ ಸೆನ್ಸರಿಗೆ ಫರ್ಮ್‌ವೇರ್ ಬರೆದವನು ನಾನಾದ್ದರಿಂದ, ಉತ್ತರ ತಯಾರಿಸುವ ಮೀಟಿಂಗಿಗೆ ನನ್ನನ್ನೂ ಕರೆದರು. ಅಲ್ಲಿ ಕೂತು ಕೇಳಿಸಿಕೊಂಡ ಮೇಲೆ, ಇದು ಸಾಮಾನ್ಯ ಮನುಷ್ಯನ ಬಗ್ಗೆ ನಮಗೆ ಎಷ್ಟು ಗೌರವ ಇದೆ ಅನ್ನೋ ಪ್ರಶ್ನೆ ಅಂತ ನನಗೆ ಅನ್ನಿಸತೊಡಗಿತು.

ಮೊದಲು ಸೆನ್ಸರ್ ಏನು ಅಂತ ಹೇಳ್ತೀನಿ. ಸಿಲಿಕಾನನ್ನು ಒಂದು ಜಾಗದಲ್ಲಿ ಕೂದಲಿಗಿಂತ ತೆಳ್ಳಗೆ ಕೊರೆದು ಪೊರೆ ಮಾಡುತ್ತಾರೆ. ಒತ್ತಡ ಬಿದ್ದಾಗ ಪೊರೆ ಬಾಗುತ್ತದೆ. ಅದರ ಅಂಚಿನಲ್ಲಿ, ಅಂದರೆ ಎಳೆತ ಅತಿ ಹೆಚ್ಚಿರುವ ಕಡೆ, ನಾಲ್ಕು ರೆಸಿಸ್ಟರ್ ಕೂರಿಸಿ ಬ್ರಿಡ್ಜ್ ಕಟ್ಟುತ್ತಾರೆ. ಬಾಗಿದಷ್ಟೂ ಅವುಗಳ ರೆಸಿಸ್ಟೆನ್ಸ್ ಬದಲಾಗುತ್ತದೆ. ಸಿಲಿಕಾನಿಗೆ ಈ ಗುಣ ಜೋರಾಗಿಯೇ ಇದೆ ಅಂತ ಬೆಲ್ ಲ್ಯಾಬ್ಸ್‌ನಲ್ಲಿ ಚಾರ್ಲ್ಸ್ ಸ್ಮಿತ್ ಅನ್ನೋರು 1954ರಲ್ಲೇ ತೋರಿಸಿದ್ದರು. ಹಾಗಾಗಿ ಇಷ್ಟರಲ್ಲಿ ಹೊಸದೇನೂ ಇಲ್ಲ. ನಮ್ಮವರು ಮಾಡಿದ್ದು ಇಷ್ಟು: ಬಾಗದೇ ಇರುವ ದಪ್ಪ ಚೌಕಟ್ಟಿನ ಮೇಲೆ ಇನ್ನೊಂದು ಬ್ರಿಡ್ಜ್ ಇಟ್ಟರು. ಪೈಪಿನ ಒತ್ತಡ ಅದಕ್ಕೆ ತಾಕೋದಿಲ್ಲ. ಸೆನ್ಸರನ್ನು ಸ್ಪ್ಯಾನರ್‌ನಲ್ಲಿ ಬಿಗಿ ಮಾಡಿದಾಗ ಬೀಳುವ ಎಳೆತ ಮಾತ್ರ ತಾಕುತ್ತೆ. ಅದನ್ನು ಲೆಕ್ಕ ಹಾಕಿ ಕಳೆದುಬಿಟ್ಟರೆ ಉಳಿಯೋದು ನಿಜವಾದ ಒತ್ತಡ. ಕಳೆಯುವ ಕೆಲಸ ನನ್ನ ಕೋಡಿನದ್ದು, ಒಟ್ಟು ಹತ್ತು ಸಾಲೂ ಇಲ್ಲ.

ವರದಿಯಲ್ಲಿ ಪರೀಕ್ಷಕರು ಎರಡು ಹಳೆಯ ದಾಖಲೆ ಮುಂದಿಟ್ಟಿದ್ದರು, ಡಿ1 ಮತ್ತು ಡಿ2. ಡಿ1ರಲ್ಲಿ ಚೌಕಟ್ಟಿನ ಮೇಲೆ ಎರಡನೇ ಬ್ರಿಡ್ಜ್ ಇದೆ, ಆದರೆ ಶಾಖ ಅಳೆಯೋಕೆ. ಡಿ2ರಲ್ಲಿ ಬಿಗಿ ಮಾಡಿದ ಎಳೆತವನ್ನು ಕಳೆಯುವ ಉಪಾಯ ಇದೆ, ಆದರೆ ತೂಕ ಅಳೆಯುವ ಲೋಡ್ ಸೆಲ್‌ನಲ್ಲಿ. ಎರಡನ್ನೂ ಜೋಡಿಸುವುದು ಕಸುಬು ಬಲ್ಲವನಿಗೆ ಹೊಳೆಯುವಂಥದ್ದೇ, ಹಾಗಾಗಿ ಇನ್ವೆಂಟಿವ್ ಸ್ಟೆಪ್ ಇಲ್ಲ ಅಂತ ಆಕ್ಷೇಪಣೆ.

ನಮ್ಮ ಡಿಸೈನರಿಗೆ ಸಿಟ್ಟು ಬಂತು. “ಉತ್ತರ ನೋಡಿಕೊಂಡು ಲೆಕ್ಕ ಸುಲಭ ಅಂದಂಗಾಯ್ತು” ಅಂದರು. ಅವರ ಮಾತಲ್ಲಿ ಸತ್ಯ ಇದೆ. ಒಗಟು ಒಡೆದ ಮೇಲೆ ಅದು ಒಗಟಾಗಿ ಉಳಿಯೋದಿಲ್ಲ. ಪರೀಕ್ಷಕರು ಮೊದಲು ನಿಮ್ಮ ಅರ್ಜಿ ಓದುತ್ತಾರೆ, ಆಮೇಲೆ ಹಳೆಯದನ್ನು ಹುಡುಕುತ್ತಾರೆ, ಕೊನೆಗೆ ಓದಿದ್ದನ್ನು ಮರೆತು, ಅರ್ಜಿ ಹಾಕಿದ ದಿನಕ್ಕೆ ಹಿಂದೆ ಹೋಗಿ ಯೋಚಿಸಬೇಕು. ಗೊತ್ತಿರುವುದನ್ನು ಗೊತ್ತಿಲ್ಲ ಅಂದುಕೊಳ್ಳುವುದು ಬಹಳ ಕಷ್ಟದ ಕೆಲಸ. ನಾವು ಕೋಡ್ ರಿವ್ಯೂನಲ್ಲಿ ದಿನಾ ಇದರಲ್ಲಿ ಸೋಲ್ತೀವಿ: ಒಬ್ಬ ಮೂರು ದಿನ ನಿದ್ದೆಗೆಟ್ಟು ಹುಡುಕಿದ ಬಗ್‌ಗೆ ಒಂದೇ ಸಾಲಿನ ಫಿಕ್ಸ್ ನೋಡಿ, “ಓ ಇಷ್ಟೇನಾ” ಅಂತೀವಿ. ಯುರೋಪಿನ ಪೇಟೆಂಟ್ ಕಚೇರಿಯವರು ಈ ಕಾಯಿಲೆಗೆ ಒಂದು ಮದ್ದು ಮಾಡಿಕೊಂಡಿದ್ದಾರೆ. ಕಸುಬು ಬಲ್ಲವನು ಇದನ್ನು ಮಾಡಬಲ್ಲವನಾಗಿದ್ದನೇ ಅಂತ ಕೇಳಿದರೆ ಸಾಲದು, ಮಾಡ್ತಿದ್ದನೇ ಅಂತ ಕೇಳಬೇಕು. ಬಲ್ಲವನಾಗಿದ್ದ ಅನ್ನೋದಕ್ಕೂ ಮಾಡ್ತಿದ್ದ ಅನ್ನೋದಕ್ಕೂ ಎಷ್ಟು ದೂರ ಅಂತ, ಜಿಮ್ಮಿಗೆ ದುಡ್ಡು ಕಟ್ಟಿ ಮನೆಯಲ್ಲಿ ಕೂತವರಿಗೆ ಹೇಳಬೇಕಾಗಿಲ್ಲ.

ಒತ್ತಡ ಅಳೆಯುವ ಸಾಧನಗಳ ಚರಿತ್ರೆಯಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ಪಂಚರ್ ಅಂಗಡಿಯ ಕಂಪ್ರೆಸರ್ ಮೇಲೆ ಮುಳ್ಳಿರುವ ಗುಂಡು ಮೀಟರ್ ನೋಡಿರ್ತೀರಲ್ಲ, ಅದರೊಳಗೆ ಇರೋದು ಚಪ್ಪಟೆ ಮಾಡಿ ಬಾಗಿಸಿದ ಒಂದು ಕೊಳವೆ. ಒಳಗೆ ಒತ್ತಡ ಏರಿದರೆ ಕೊಳವೆ ಬಿಚ್ಚಿಕೊಳ್ಳೋಕೆ ನೋಡುತ್ತೆ, ಮುಳ್ಳು ತಿರುಗುತ್ತೆ. ಫ್ರಾನ್ಸಿನ ಯೂಜೀನ್ ಬೂರ್ದೋನ್ ಇದಕ್ಕೆ 1849ರಲ್ಲಿ ಪೇಟೆಂಟ್ ತಗೊಂಡ. ಅವನ ವರ್ಕ್‌ಶಾಪಿನಲ್ಲಿ ಸುರುಳಿ ಪೈಪೊಂದು ಚಪ್ಪಟೆಯಾಗಿ ಕೆಟ್ಟಿತ್ತಂತೆ. ಅದನ್ನು ಮತ್ತೆ ದುಂಡಗೆ ಮಾಡೋಕೆ ಒಳಗಿನಿಂದ ಒತ್ತಡ ಕೊಟ್ಟಾಗ ಸುರುಳಿ ಬಿಚ್ಚಿಕೊಳ್ಳೋದು ಕಣ್ಣಿಗೆ ಬಿತ್ತು ಅಂತ ಕತೆ. ಅದಕ್ಕೂ ಮುಂಚೆ ಎಷ್ಟು ಜನ ಕಂಚುಗಾರರು ಕೆಟ್ಟ ಪೈಪಿಗೆ ಹೀಗೇ ನೀರು ತುಂಬಿ ಒತ್ತಿರಬಹುದು? ಬಿಚ್ಚಿಕೊಂಡ ಪೈಪನ್ನು ಶಪಿಸಿ ಮೂಲೆಗೆ ಎಸೆದಿರಬಹುದು? ಎಲ್ಲರ ಕಣ್ಣಿಗೂ ಬೀಳುವಂಥದ್ದು ಒಬ್ಬನಿಗೆ ಹೊಳೆಯಿತು. ಇತ್ತ, ಗಾಳಿ ತೆಗೆದ ತೆಳು ಲೋಹದ ಡಬ್ಬಿಯಿಂದ 1844ರಲ್ಲೇ ಬ್ಯಾರೋಮೀಟರ್ ಮಾಡಿದ್ದ ಲೂಸಿಯೆನ್ ವಿಡಿ, ಇದೂ ನನ್ನದೇ ತತ್ವ ಅಂತ ಬೂರ್ದೋನ್ ಮೇಲೆ ಕೇಸು ಹಾಕಿದ. ವರ್ಷಗಟ್ಟಲೆ ಇಬ್ಬರೂ ಕೋರ್ಟು ಸುತ್ತಿದರು. ಡಬ್ಬಿಯೂ ಕೊಳವೆಯೂ ಒಂದೇನಾ ಬೇರೆ ಬೇರೇನಾ ಅಂತ ನಿರ್ಧರಿಸಬೇಕಾದರೆ, ಮಧ್ಯೆ ನಿಂತಿರೋ ಆ ಮಾಮೂಲಿ ಕಸುಬುಗಾರನಿಗೆ ಎಷ್ಟು ಬುದ್ಧಿ ಇದೆ ಅಂತ ಮೊದಲು ತೀರ್ಮಾನ ಆಗಬೇಕು.

ಅಮೆರಿಕದಲ್ಲಿ ಅವನ ಬುದ್ಧಿಯ ಮಟ್ಟ ಎಷ್ಟು ಅಂತ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. 2007ರ ಏಪ್ರಿಲ್ 30ರ ತೀರ್ಪು ಅದು, ಕೆಎಸ್ಆರ್ ಮತ್ತು ಟೆಲಿಫ್ಲೆಕ್ಸ್ ನಡುವಿನ ಮೊಕದ್ದಮೆ. ಒತ್ತಡದ ಸೆನ್ಸರ್ ಅಲ್ಲ ನಿಜ, ಕಾರಿನ ಆಕ್ಸಿಲರೇಟರ್ ಪೆಡಲ್ ಎಷ್ಟು ತುಳಿದಿದೆ ಅಂತ ನೋಡುವ ಸೆನ್ಸರ್. ಚಾಲಕನ ಕಾಲಿಗೆ ತಕ್ಕಂತೆ ಹಿಂದೆ ಮುಂದೆ ಸರಿಸುವ ಪೆಡಲ್‌ಗಳು ಮೊದಲೇ ಇದ್ದವು. ಎಲೆಕ್ಟ್ರಾನಿಕ್ ಸೆನ್ಸರೂ ಇತ್ತು. ಆದರೆ ಅಲುಗಾಡುವ ಭಾಗಕ್ಕೆ ಸೆನ್ಸರ್ ಹಾಕಿದರೆ ವೈರ್ ಉಜ್ಜಿ ಸವೆಯುತ್ತಿತ್ತು. ಎಂಗೆಲ್‌ಗೌ ಅನ್ನೋರ ಪೇಟೆಂಟ್ ಏನು ಹೇಳಿತು ಅಂದರೆ, ಸೆನ್ಸರನ್ನು ಸ್ಥಾನ ಬದಲಿಸದ ಪಿವಟ್ ಹತ್ತಿರ ಕೂರಿಸಿ. ಕಣದಲ್ಲಿ ಎತ್ತು ಕಟ್ಟಿದವರು ಯಾರಾದರೂ ಇದನ್ನು ಓದಿದರೆ ನಗ್ತಾರೆ: ಎತ್ತು ಸುತ್ತುತ್ತೆ, ಮೇಟಿ ಅಲುಗಲ್ಲ, ಹಗ್ಗ ಮೇಟಿಗೇ ಕಟ್ಟಬೇಕು.

ಈ ಕೇಸಿನಲ್ಲಿ ಪರೀಕ್ಷೆಯ ಹಂತ ಓದಿದರೆ ಪರೀಕ್ಷಕರ ಕಷ್ಟ ಗೊತ್ತಾಗುತ್ತೆ. ಇನ್ನೂ ವಿಶಾಲವಾಗಿ ಬರೆದ ಕೇಳಿಕೆಯನ್ನು ಅಲ್ಲಿನ ಪರೀಕ್ಷಕರು ಆಬ್ವಿಯಸ್ ಅಂತ ತಿರಸ್ಕರಿಸಿದ್ದರು. ‘ಸ್ಥಿರವಾದ ಪಿವಟ್’ ಅಂತ ಸೇರಿಸಿದ ಮೇಲೆ ಒಪ್ಪಿದರು, ಯಾಕಂದರೆ ಅವರ ಮುಂದಿದ್ದ ದಾಖಲೆಗಳಲ್ಲಿ ಅದು ಇರಲಿಲ್ಲ. ಸ್ಥಿರ ಪಿವಟ್ ಇದ್ದ ಅಸಾನೋ ಎಂಬುವರ ಹಳೆಯ ಪೇಟೆಂಟ್ ಅವರ ಮೇಜಿಗೆ ಬರಲೇ ಇಲ್ಲ. ಒಂದು ಕಾಗದ ತಪ್ಪಿದ್ದಕ್ಕೆ ವರ್ಷಗಟ್ಟಲೆ ವ್ಯಾಜ್ಯ. ಕೆಳಗಿನ ಅಪೀಲು ನ್ಯಾಯಾಲಯ, ಎರಡು ಹಳೆಯ ವಿಷಯ ಜೋಡಿಸಿ ಅಂತ ಸೂಚನೆ ಎಲ್ಲಾದರೂ ಇರಬೇಕು, ಇಲ್ಲದಿದ್ದರೆ ಅದು ಹೊಳೆಯುವಂಥದ್ದಲ್ಲ ಅಂತ ಬಿಗಿಯಾಗಿ ಹಿಡಿದಿತ್ತು. ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ತಳ್ಳಿಹಾಕಿತು. ಅದರ ತಾತ್ಪರ್ಯ: ಮಾಮೂಲಿ ಕುಶಲಕರ್ಮಿ ಯಂತ್ರ ಅಲ್ಲ, ಅವನಿಗೂ ಮಾಮೂಲಿ ಸೃಜನಶೀಲತೆ ಅನ್ನೋದು ಇರುತ್ತೆ.

ಈ ತೀರ್ಪನ್ನು ಕಂಪನಿಗಳ ವಕೀಲರು ಪೇಟೆಂಟಿಗೆ ಪೆಟ್ಟು ಅಂತ ಓದಿದರು. ನನಗೆ ಅದು ಕೆಲಸಗಾರನಿಗೆ ಸಿಕ್ಕ ಮರ್ಯಾದೆ ಅಂತ ಕಾಣುತ್ತೆ.

ನಮ್ಮಲ್ಲೂ ಇಂಥದ್ದೊಂದು ಇದೆ. ಮಿರ್ಜಾಪುರದ ಪಾತ್ರೆ ತಯಾರಕರ ಕೇಸು. ಪಾತ್ರೆಯನ್ನು ಲೇತಿನಲ್ಲಿ ಅಲುಗದ ಹಾಗೆ ಹಿಡಿದಿಡುವ ವ್ಯವಸ್ಥೆಗೆ 1951ರಲ್ಲಿ ಪೇಟೆಂಟ್ ತಗೊಂಡಿದ್ದರು. ನಮ್ಮ ಸುಪ್ರೀಂ ಕೋರ್ಟ್ 1978ರಲ್ಲಿ, ಇದು ವರ್ಕ್‌ಶಾಪಿನಲ್ಲಿ ಯಾರು ಬೇಕಾದರೂ ಮಾಡಿಕೊಳ್ಳುವ ಸುಧಾರಣೆಯಷ್ಟೇ, ಇದಕ್ಕೆ ಪೇಟೆಂಟ್ ಸಲ್ಲದು ಅಂದಿತು. ಇಪ್ಪತ್ತೇಳು ವರ್ಷ! ಇರಲಿ. ಆದರೆ ಆ ತೀರ್ಪು ಏನು ಉಳಿಸಿತು ನೋಡಿ. ಲೇತಿನ ಮುಂದೆ ನಿಂತವನು ತನ್ನ ಕೆಲಸ ಸಲೀಸು ಮಾಡಿಕೊಳ್ಳೋಕೆ ನಾಳೆ ಬೆಳಿಗ್ಗೆ ಒಂದು ಅಡಾಪ್ಟರ್ ಸಿಕ್ಕಿಸಿಕೊಂಡರೆ, ಅವನ ಮೇಲೆ ಯಾರೂ ಕೇಸು ಹಾಕೋ ಹಾಗಿಲ್ಲ. ಪೇಟೆಂಟ್ ಅಂದರೆ 20 ವರ್ಷದ ಬೇಲಿ. ಆಬ್ವಿಯಸ್ ಅನ್ನೋ ಪದ, ಊರಿನ ಗೋಮಾಳಕ್ಕೆ ಯಾರೂ ಬೇಲಿ ಹಾಕದ ಹಾಗೆ ಕಾಯುತ್ತೆ. ಕಸುಬು ಬಲ್ಲವನು ದಡ್ಡ ಅಂತ ಎಣಿಸಿದಷ್ಟೂ ಬೇಲಿ ಜಾಸ್ತಿ, ಅವನು ಜಾಣ ಅಂತ ಒಪ್ಪಿದಷ್ಟೂ ಗೋಮಾಳ ವಿಶಾಲ. ಅಮೆರಿಕದ ಕಾಯಿದೆಯಲ್ಲಿ ‘ಸಾಧಾರಣ’ ಕೌಶಲದವನು ಅಂತಿದೆ. ನಮ್ಮ 1970ರ ಕಾಯಿದೆಯ ಸೆಕ್ಷನ್ 2(1)(ಜೆಎ)ನಲ್ಲಿ ‘ಸಾಧಾರಣ’ ಅನ್ನೋ ಪದ ಇಲ್ಲ, ಬರೀ ಕಸುಬು ಬಲ್ಲವನು. ಬೇಕಂತಲೇ ಬಿಟ್ಟರೋ ಇಲ್ಲವೋ, ನನಗಂತೂ ಆ ಪದ ಇಲ್ಲದ್ದು ಖುಷಿ. ತಿಪಟೂರಿನ ಕಡೆಯ ನಮ್ಮೂರಿನಲ್ಲಿ ದೊಡ್ಡಪ್ಪ ಡೆಲಿವರಿ ಪೈಪಿನ ಮೇಲೆ ಅಂಗೈ ಇಟ್ಟು, ನೀರು ಏರ್ತಿದೆಯೋ ಗಾಳಿ ಹೊಡೀತಿದೆಯೋ ಹೇಳ್ತಿದ್ದರು. ಅದನ್ನು ಸಾಧಾರಣ ಅನ್ನೋಕೆ ನನಗೆ ಮನಸ್ಸು ಬರೋದಿಲ್ಲ.

ಈಗ ನಮ್ಮ ಸೆನ್ಸರಿಗೆ ಬರ್ತೀನಿ. ಮೀಟಿಂಗಿನಲ್ಲಿ ಉತ್ತರದ ಕರಡು ಓದಿದರು. ಅದರಲ್ಲಿದ್ದ ಮುಖ್ಯ ವಾದ: ಬಿಗಿ ಮಾಡುವಾಗಿನ ಎಳೆತದಿಂದ ಸೊನ್ನೆ ಜಾರುತ್ತೆ ಅನ್ನೋ ಸಮಸ್ಯೆಯೇ ಕಸುಬು ಬಲ್ಲವನ ಗಮನಕ್ಕೆ ಬರುತ್ತಿರಲಿಲ್ಲ. ಅವನು ಅದನ್ನು ಶಾಖದ ದೋಷ ಅಂತಲೇ ತಿಳಿಯುತ್ತಿದ್ದ. ಹಾಗಾಗಿ ಡಿ2 ಕಡೆ ಕಣ್ಣು ಹಾಯಿಸೋಕೆ ಅವನಿಗೆ ಕಾರಣವೇ ಇರಲಿಲ್ಲ. ಒಳ್ಳೆಯ ವಾದ. ಸಮಸ್ಯೆಯನ್ನು ಗುರುತಿಸುವುದರಲ್ಲೇ ಹೊಸತನ ಇರಬಹುದು ಅಂತ ಬಲ್ಲವರು ಒಪ್ಪುತ್ತಾರೆ.

ತೊಂದರೆ ಏನಂದರೆ, ಆ ಸಮಸ್ಯೆ ಗುರುತಿಸಿದ್ದು ನಮ್ಮ ಲ್ಯಾಬಿನ ಟೆಕ್ನಿಷಿಯನ್. ಐಟಿಐ ಓದಿದವರು, ಸೆನ್ಸರ್‌ಗಳನ್ನು ಟೆಸ್ಟ್ ಬೆಂಚಿಗೆ ಸಿಕ್ಕಿಸಿ ಬಿಚ್ಚುವ ಕೆಲಸ. “ಬಿಗಿ ಮಾಡಿದ್ರೆ ಸೊನ್ನೆ ಓಡ್ತದೆ ಸಾರ್. ಬಿಸಿಗಲ್ಲ ಅದು, ಸ್ಪ್ಯಾನರ್‌ಗೆ” ಅಂತ ಅವರು ಹೇಳಿದಾಗ ನಾನೂ ಅಲ್ಲೇ ಇದ್ದೆ. ಅಷ್ಟೇ ಅಲ್ಲ, ಪಕ್ಕದಲ್ಲಿ ಒತ್ತಡ ತಾಕದ ಇನ್ನೊಂದು ಸೆನ್ಸರ್ ಅಷ್ಟೇ ಬಿಗಿಯಾಗಿ ಸಿಕ್ಕಿಸಿ ಎರಡರ ವ್ಯತ್ಯಾಸ ನೋಡಿ ಅಂದವರೂ ಅವರೇ. ಡಿಸೈನರ್ ಆ ಎರಡನ್ನೂ ಒಂದೇ ಚಿಪ್ಪಿಗೆ ತಂದರು. ಅದು ಸಣ್ಣ ಕೆಲಸ ಅಲ್ಲ, ಅವರ ಹಕ್ಕನ್ನು ನಾನು ಕಡಿಮೆ ಮಾಡ್ತಿಲ್ಲ. ಆದರೆ ಫಾರಂ 1ರಲ್ಲಿ ಸಂಶೋಧಕರ ಹೆಸರುಗಳ ಜಾಗದಲ್ಲಿ ಟೆಕ್ನಿಷಿಯನ್ ಹೆಸರಿಲ್ಲ. ಕೇಳಿದೆ. ಅವರು ಮಾಡಿದ್ದು ಮಾಮೂಲಿ ಬೆಂಚ್ ಕೆಲಸ, ಅದು ಇನ್ವೆನ್ಷನ್ ಅಲ್ಲ ಅಂದರು.

ಈ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿ. ಫಾರಂ 1ರ ಪ್ರಕಾರ ಅವರದ್ದು ಮಾಮೂಲಿ ಬುದ್ಧಿ. ಉತ್ತರದ ಕರಡಿನ ಪ್ರಕಾರ ಮಾಮೂಲಿ ಬುದ್ಧಿಯವರಿಗೆ ಈ ಸಮಸ್ಯೆ ಕಾಣೋದೇ ಇಲ್ಲ. ಅವರು ಮಾಮೂಲಿ ಮನುಷ್ಯರಾದರೆ ನಮ್ಮ ವಾದ ಬೀಳುತ್ತೆ. ಮಾಮೂಲಿ ಅಲ್ಲ ಅನ್ನೋದಾದರೆ ಅವರ ಹೆಸರು ಬರಬೇಕು. ಒಬ್ಬರನ್ನೇ ಒಂದು ಕಾಗದದಲ್ಲಿ ಕೆಳಗೂ ಇನ್ನೊಂದರಲ್ಲಿ ಲೆಕ್ಕಕ್ಕೇ ಇಲ್ಲದ ಹಾಗೂ ಇಡೋಕೆ ಬರಲ್ಲ. ಫೈಲ್ ಆದರೆ ಇಷ್ಟು, ಗ್ರಾಂಟ್ ಆದರೆ ಇಷ್ಟು ಅಂತ ಬೋನಸ್, ಜೊತೆಗೆ ಟೇಬಲ್ ಮೇಲಿಡೋಕೆ ಗಾಜಿನ ಫಲಕ ಕೊಡುವ ಕಂಪನಿಗಳಲ್ಲಿ ಕೆಲಸ ಮಾಡುವ ನಿಮಗೆ ಇದು ಹೊಸದೇನಲ್ಲ ಅನ್ಸುತ್ತೆ.

ಊಟದ ಹೊತ್ತಿನಲ್ಲಿ ಅವರನ್ನೇ ಕೇಳಿದೆ. “ಹೆಸ್ರು ಬಿಡಿ ಸಾರ್. ಅದೇನ್ ದೊಡ್ಡ ವಿಷ್ಯ, ಫಿಟ್ಟಿಂಗ್ ಮಾಡೋರಿಗೆಲ್ಲಾ ಗೊತ್ತಿರೋದೇ” ಅಂದರು. ನನಗೆ ಅನ್ನ ಗಂಟಲಲ್ಲಿ ಸಿಕ್ಕ ಹಾಗಾಯಿತು. ವಿನಯಕ್ಕೆ ಹೇಳಿದ ಈ ಮಾತು ಡಿ1, ಡಿ2 ಎರಡಕ್ಕಿಂತ ದೊಡ್ಡ ಆಕ್ಷೇಪಣೆ. ಫಿಟ್ಟಿಂಗ್ ಮಾಡೋರಿಗೆಲ್ಲಾ ನಿಜವಾಗಿ ಗೊತ್ತಿದ್ದರೆ ಬೇಲಿ ಹಾಕೋಕೆ ನಾವ್ಯಾರು? ಆದರೆ ಅದು ಎಲ್ಲೂ ಅಚ್ಚಾಗಿಲ್ಲ, ಯಾವ ಡೇಟಾಬೇಸಿನಲ್ಲೂ ಸಿಗೋದಿಲ್ಲ, ಚೆನ್ನೈನಲ್ಲಿ ಕೂತವರಿಗೆ ಕೇಳಿಸೋದಿಲ್ಲ. ನಮ್ಮ ಕಾನೂನಿನ ಸೆಕ್ಷನ್ 25, ಸ್ಥಳೀಯ ಸಮುದಾಯಗಳ ಬಾಯಿಮಾತಿನ ಜ್ಞಾನವನ್ನೂ ಪೇಟೆಂಟ್ ವಿರೋಧಿಸಲು ಆಧಾರವಾಗಿ ಒಪ್ಪುತ್ತೆ, ಗ್ರಾಂಟ್ ಆಗುವ ಮುಂಚೆ ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. ಒಳ್ಳೆಯ ಸೆಕ್ಷನ್. ಆದರೆ ವರ್ಕ್‌ಶಾಪಿನ ಫಿಟ್ಟರುಗಳು ಆ ಅರ್ಥದಲ್ಲಿ ಸಮುದಾಯವಾ? ಮತ್ತೆ, ಯಾವ ಫಿಟ್ಟರ್ ರಜೆ ಹಾಕಿ ಆಕ್ಷೇಪ ಬರೀತಾನೆ?

ಅವರಿಗೆ ಗೊತ್ತಿರುವುದೆಲ್ಲ ಎಲ್ಲರಿಗೂ ಗೊತ್ತು ಅಂತ ಅವರು ನಂಬಿದ್ದಾರೆ, ಅಷ್ಟೇ ಅನ್ನೋದು ನನ್ನ ಅನುಮಾನ. ಇಪ್ಪತ್ತು ವರ್ಷ ಸ್ಪ್ಯಾನರ್ ಹಿಡಿದ ಕೈಗೆ ತಾನು ಮಾಡ್ತಿರೋದು ವಿಶೇಷ ಅಂತ ಅನ್ನಿಸೋದಿಲ್ಲ. ಬೂರ್ದೋನ್‌ಗಿಂತ ಮುಂಚಿನ ಕಂಚುಗಾರರಂತಲ್ಲ ಇವರು, ಬಿಚ್ಚಿಕೊಂಡ ಪೈಪನ್ನು ಕಂಡು ನಿಂತವರು.

ನಾನೇ ಪರೀಕ್ಷಕನಾಗಿದ್ದರೆ ಕೇಳಿಕೆಯನ್ನು ಕಿರಿದು ಮಾಡಿಸ್ತಿದ್ದೆ: ಎರಡು ಬ್ರಿಡ್ಜ್ ಅನ್ನೋ ಉಪಾಯ ಎಲ್ಲರದ್ದು, ಚೌಕಟ್ಟಿನ ಮೇಲೆ ಅದನ್ನು ಇಂಥ ಜಾಗದಲ್ಲಿ, ಇಂಥ ಅಳತೆಯಲ್ಲಿ ಇಡುವುದು ಮಾತ್ರ ನಿಮ್ಮದು. ಅಷ್ಟಕ್ಕೆ ಪೇಟೆಂಟ್ ಕೊಡಬಹುದು, ನ್ಯಾಯವೇ. ಆ ಪೇಟೆಂಟಿನಲ್ಲಿ ಮೂರನೇ ಹೆಸರೂ ಇರಲಿ ಅಂತ ಕೇಳೋಕೆ ಪರೀಕ್ಷಕರಿಗೆ ದಾರಿ ಇಲ್ಲ, ಅವರಿಗೆ ಆ ಟೆಕ್ನಿಷಿಯನ್ ಇದ್ದಾರೆ ಅಂತಲೇ ಗೊತ್ತಿಲ್ಲ. ಗೊತ್ತಿರೋದು ನಮಗೆ. ಹಾಗಾಗಿ ಮೇಲಿನ ಎರಡು ಕಾಗದದ ಮಾತನ್ನೇ ಬರೆದು, ಹೆಸರು ಸೇರಿಸಿ ಇಲ್ಲವೇ ಆ ವಾದ ತೆಗೀರಿ ಅಂತ ಮೇಲ್ ಹಾಕಿದೀನಿ. ಲೀಗಲ್‌ನವರು ನೋಡ್ತೀವಿ ಅಂದಿದ್ದಾರೆ. ಉತ್ತರ ಕೊಡೋಕೆ ಆರು ತಿಂಗಳ ಗಡುವು, ಅದರಲ್ಲಿ ಇನ್ನು ಐದು ವಾರ ಬಾಕಿ ಇದೆ.